ಬೆಟ್ಟ ಮಣ್ಣಾಗುವ ಬಗೆ

ಕಲ್ಲು ಎಂದರೆ ಉಳಿಯುವಂಥದು, ಮಣ್ಣು ಎಂದರೆ ಅಳಿಯುವಂಥದು ಎಂಬ ಭಾವನೆ ನಮ್ಮ ಮಾತಿನಲ್ಲಿಯೇ ಬೇರೂರಿದೆ. ಮನಸ್ಸು ಬಿಗಿಯಾದರೆ ಕಲ್ಲಾಯಿತು ಎನ್ನುತ್ತೇವೆ. ದುಡಿಮೆ ವ್ಯರ್ಥವಾದರೆ ಮಣ್ಣುಪಾಲಾಯಿತು ಎನ್ನುತ್ತೇವೆ. ದಾನದತ್ತಿಗಳನ್ನು ಶಿಲೆಯ ಮೇಲೆ ಬರೆಸಿದ ಅರಸರೂ ಇದನ್ನೇ ನಂಬಿದ್ದವರು. ಆದರೆ ಕಲ್ಲೂ ಮಣ್ಣಾಗುತ್ತದೆ, ಅದೂ ನಮ್ಮ ಕಣ್ಣೆದುರಿಗೇ ಆಗುತ್ತಿದೆ ಎಂಬುದನ್ನು ಕಾಣಲು ಮೈಸೂರಿನವರು ದೂರ ಹೋಗಬೇಕಾದುದಿಲ್ಲ. ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನೇರುವಾಗ ಇಕ್ಕೆಲದ ಪೊದೆಗಳ ಬುಡವನ್ನು ಒಮ್ಮೆ ನೋಡಿದರೆ ಸಾಕು. ಅಲ್ಲಿರುವುದು ಹೊಲದ ಮಣ್ಣಿನಂಥ ಮಣ್ಣಲ್ಲ. ಹಿಡಿಯಲ್ಲಿ ಹಿಡಿದರೆ ಬೆರಳ ಸಂದಿನಿಂದ ಜಾರುವ, ಉಂಡೆ ಕಟ್ಟಲು ಒಪ್ಪದ, ಬಿಸಿಲಿಗೆ ಅಲ್ಲಲ್ಲಿ ಮಿನುಗುವ ಗರಸು ಮರಳು ಅದು. ಹೊಳೆಯೇ ಇಲ್ಲದ ಬೆಟ್ಟದ ಮೈಮೇಲೆ ಈ ಮರಳು ಎಲ್ಲಿಂದ ಬಂದಿತು?

ಬೆಟ್ಟವೇ ಅದರ ತಾಯಿ. ನಾನು ವಾಸವಾಗಿರುವ ಹೂಟಗಳ್ಳಿ ನಗರದ ವಾಯವ್ಯಕ್ಕಿದೆ. ಇಲ್ಲಿ ಮನೆಯ ಪಾಯ ತೋಡಿದರೆ ಮೊದಲು ಕೆಂಪುಮಣ್ಣು, ಅದರ ಕೆಳಗೆ ಪಟ್ಟೆಪಟ್ಟೆಯಾಗಿ ಶಿಥಿಲಗೊಂಡ ಕಲ್ಲು ಸಿಕ್ಕುತ್ತದೆ. ನೈಸ್ ಎಂದು ಕರೆಯಲಾಗುವ ಈ ಶಿಲೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ನಮ್ಮ ನಾಡಿನ ಬಹುಭಾಗ ಇದರ ಮೇಲೆಯೇ ಕುಳಿತಿದೆ. ನಗರದ ಇನ್ನೊಂದು ಮಗ್ಗುಲಿನ ಚಾಮುಂಡಿಬೆಟ್ಟ ಈ ಹಳೆಯ ನೆಲವನ್ನು ಭೇದಿಸಿಕೊಂಡು ಬಂದ ಕಿರಿಯ. ಸುಮಾರು 80 ಕೋಟಿ ವರ್ಷಗಳ ಹಿಂದೆ ಆಳದಿಂದ ಮೇಲೆದ್ದ ಶಿಲಾಪಾಕ ನೆಲದೊಳಗೇ ಮೆಲ್ಲನೆ ತಣಿದು ಗ್ರಾನೈಟ್ ಆಯಿತು. ಮೇಲಿನ ಹೊದಿಕೆಯೆಲ್ಲ ಸವೆದ ಮೇಲೆ ಅದು ಬೆಳಕು ಕಂಡಿತು. ರಾಮನಗರದ ಬಂಡೆಗಳೂ ಗ್ರಾನೈಟೇ, ಆದರೆ ಅವುಗಳ ವಯಸ್ಸು 250 ಕೋಟಿ ವರ್ಷಗಳಷ್ಟು. ಭೂವಿಜ್ಞಾನಿಗಳ ಲೆಕ್ಕದಲ್ಲಿ ನಮ್ಮ ಬೆಟ್ಟ ಇನ್ನೂ ಎಳೆಯದು!

ಗ್ರಾನೈಟನ್ನು ಒಂದು ಅವಿಭಕ್ತ ಕುಟುಂಬವೆಂದು ತಿಳಿಯಬಹುದು. ಅದರಲ್ಲಿ ಮುಖ್ಯರಾದವರು ಮೂವರು: ಗಾಜಿನಂತೆ ಹೊಳೆಯುವ ಬೆಣಚು, ನಸುಗೆಂಪಾಗಿಯೋ ಬೆಳ್ಳಗೋ ಕಾಣುವ ಫೆಲ್ಡ್‌ಸ್ಪಾರ್, ಪದರಪದರವಾಗಿ ಬಿಡುವ ಕಾಗೆಬಂಗಾರ. (ಎರಡನೆಯದಕ್ಕೆ ನಮ್ಮಲ್ಲಿ ಬಳಕೆಯ ಹೆಸರಿಲ್ಲ, ಹೊಸದಾಗಿ ಟಂಕಿಸಿದ ಸಂಸ್ಕೃತ ಶಬ್ದಕ್ಕಿಂತ ಅದನ್ನು ಫೆಲ್ಡ್‌ಸ್ಪಾರ್ ಎಂದೇ ಕರೆಯುವುದು ಮೇಲೆಂದು ನನಗೆ ತೋರುತ್ತದೆ.) ಕೂಡಿರುವಷ್ಟು ಕಾಲ ಈ ಮೂವರನ್ನು ಉಳಿಯ ಪೆಟ್ಟೂ ಸುಲಭಕ್ಕೆ ಅಗಲಿಸಲಾರದು. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಎಂದರೆ 1659ರಿಂದ 1673ರ ನಡುವೆ, ಇದೇ ಬೆಟ್ಟದ ಒಂದೇ ಹೆಬ್ಬಂಡೆಯಲ್ಲಿ ನಂದಿಯನ್ನು ಕಡೆದ ಶಿಲ್ಪಿಗಳಿಗೆ ಅದರ ಗಟ್ಟಿತನ ಚೆನ್ನಾಗಿ ತಿಳಿದಿದ್ದಿರಬೇಕು. ಉಳಿ ಮಾಡಲಾರದ ಕೆಲಸವನ್ನು ಮಳೆನೀರು ಮಾಡುತ್ತದೆ. ಗಾಳಿಯ ಮತ್ತು ಕೊಳೆತ ಎಲೆಯ ಇಂಗಾಲಾಮ್ಲವನ್ನು ಕುಡಿದು ತುಸುವೇ ಹುಳಿಯಾದ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಮೊದಲು ಮುನಿಯುವುದು ಕಾಗೆಬಂಗಾರ. ಅದು ಉಬ್ಬಿ ನೆರೆಯ ಕಣಗಳನ್ನು ದೂಡುತ್ತದೆ. ಬಳಿಕ ಫೆಲ್ಡ್‌ಸ್ಪಾರ್ ತನ್ನಲ್ಲಿರುವ ಪೊಟ್ಯಾಸಿಯಂ, ಸೋಡಿಯಂಗಳನ್ನು ನೀರಿಗೆ ಒಪ್ಪಿಸಿ ನುಣ್ಣನೆಯ ಜೇಡಿಯಾಗುತ್ತದೆ. ಬೆಣಚು ಮಾತ್ರ ಬದಲಾಗುವುದಿಲ್ಲ. ಮನೆ ಒಡೆದಾಗ ತನ್ನ ಪಾಲನ್ನೂ ಕೇಳದೆ ಹೊರಬಿದ್ದ ಹಿರಿಯನ ಹಾಗೆ ಅದು ಕಣಕಣವಾಗಿ ಉದುರುತ್ತದೆ. ನಾವು ಮರಳು ಎನ್ನುವುದು ಹೆಚ್ಚಾಗಿ ಈ ಬೆಣಚಿನ ಕಣಗಳನ್ನು.

ಹಾಗಾದರೆ ಜೇಡಿ ಎಲ್ಲಿ ಹೋಯಿತು? ಇಳಿಜಾರಿನ ಪಾತ್ರ ಬರುವುದು ಇಲ್ಲಿ. ಊರಿನ ಮಟ್ಟದಿಂದ ಸುಮಾರು 300 ಮೀಟರು ಎದ್ದುನಿಂತ ಬೆಟ್ಟದ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ. ಓಡುವ ನೀರು ಹಗುರವಾದ ಜೇಡಿಯನ್ನು ಎತ್ತಿಕೊಂಡು ಹೋಗುತ್ತದೆ, ಭಾರವಾದ ಮರಳನ್ನು ಬಿಟ್ಟುಹೋಗುತ್ತದೆ; ರಾಗಿಯನ್ನು ಮೊರದಲ್ಲಿ ಕೇರಿದಂತೆ. ಹೀಗೆ ನೆತ್ತಿಯಲ್ಲಿ ಬತ್ತಲೆ ಬಂಡೆ, ಮೈಯಲ್ಲಿ ಮರಳುಮಣ್ಣು, ಪಾದದಲ್ಲಿ ಕೆಂಪು ಗೋಡು, ಇನ್ನೂ ಕೆಳಗೆ ಕೆರೆಯಂಗಳದ ಜಿಗುಟು ಮಣ್ಣು ಎಂಬ ಕ್ರಮ ಏರ್ಪಡುತ್ತದೆ. ಪೂರ್ವ ಆಫ್ರಿಕದ ಇಳಿಜಾರುಗಳಲ್ಲಿ ಇಂಥದೇ ಕ್ರಮವನ್ನು ಕಂಡ ಜಾಫ್ರಿ ಮಿಲ್ನ್ ಎಂಬ ಮಣ್ಣುವಿಜ್ಞಾನಿ 1935ರಲ್ಲಿ ಅದಕ್ಕೆ ಸರಪಳಿ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟ. ನಮ್ಮ ರೈತರು ಅದಕ್ಕೂ ಬಹಳ ಹಿಂದೆಯೇ ಸರಪಳಿಯ ಒಂದೊಂದು ಕೊಂಡಿಗೂ ಹೆಸರಿಟ್ಟಿದ್ದರು. 1800ರಲ್ಲಿ ಶ್ರೀರಂಗಪಟ್ಟಣದ ಸುತ್ತ ತಿರುಗಿದ ಫ್ರಾನ್ಸಿಸ್ ಬುಕನನ್ ಎರೆ, ಕೆಬ್ಬೆ, ಮರಳು ಮುಂತಾಗಿ ಅವರು ಹೇಳಿದ ಮಣ್ಣಿನ ಜಾತಿಗಳನ್ನು ಬರೆದುಕೊಂಡ; 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಅವು ಇವೆ. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಮರಳು ಎಂಬುದು ಹೊಳೆಯ ಮರಳಲ್ಲ, ಒಂದು ಬಗೆಯ ನೆಲದ ಹೆಸರು. ಹಳಗನ್ನಡದ 'ಮಳಲ್' ಇಂದು ಸಿಮೆಂಟಿನ ಜೊತೆಗಾರನಾಗಿಬಿಟ್ಟಿದೆ; ಆ ಪದದ ಹಿಂದೆ ಒಂದು ಹೊಲವೂ ಒಂದು ಕಾಡೂ ಇದ್ದುದನ್ನು ನಾವು ಮರೆತಿದ್ದೇವೆ.

ನಂಬಿಕೆಯಾಗದವರು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅಗಲಬಾಯಿಯ ಎರಡು ಗಾಜಿನ ಶೀಷೆಗಳನ್ನು ತೆಗೆದುಕೊಂಡು ಒಂದಕ್ಕೆ ಬೆಟ್ಟದ ದಾರಿಯಂಚಿನ ಒಂದು ಹಿಡಿ ಮಣ್ಣು, ಇನ್ನೊಂದಕ್ಕೆ ಮನೆಯ ಹಿತ್ತಿಲ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ನವುರು ಮಣ್ಣಿಗೆ ಕೆಲವು ಗಂಟೆ ಬೇಕು. ಜೇಡಿ ಮರುದಿನವೂ ನೀರನ್ನು ಬಗ್ಗಡವಾಗಿಯೇ ಇಟ್ಟಿರುತ್ತದೆ. ಹೂಟಗಳ್ಳಿಯ ಮಣ್ಣು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ದಿನ ಕೆಂಪಗೇ ಇತ್ತು. ಬೆಟ್ಟದ ಮಣ್ಣು ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ತಳದಲ್ಲಿ ಕುಳಿತು ಮೇಲೆ ಬಹುಮಟ್ಟಿಗೆ ತಿಳಿನೀರನ್ನು ಬಿಟ್ಟಿತು. ತೇಲುತ್ತಿದ್ದ ಕಪ್ಪು ಚೂರುಗಳು ಮಾತ್ರ ಉಳಿದವು. ಮನೆಯವರು ಅದನ್ನು ಕಸವೆಂದರು. ವಾಸ್ತವದಲ್ಲಿ ಆ ಮಣ್ಣಿನ ಜೀವವೆಲ್ಲ ಇರುವುದು ಆ ಕಸದಲ್ಲಿಯೇ.

ಏಕೆಂದರೆ ಬೆಣಚಿನಲ್ಲಿ ಗಿಡಕ್ಕೆ ಬೇಕಾದ ಆಹಾರವಿಲ್ಲ, ಮರಳಿಗೆ ನೀರನ್ನು ಹಿಡಿದಿಡುವ ಶಕ್ತಿಯಿಲ್ಲ. ಆಹಾರವನ್ನೂ ತೇವವನ್ನೂ ಹಿಡಿದಿಡುವ ಜೇಡಿ ಕೆಳಗಿಳಿದಾಯಿತು. ಉಳಿದದ್ದು ಉದುರಿದ ಎಲೆ, ಕಡ್ಡಿ, ಸತ್ತ ಬೇರು. ಅವು ಕೊಳೆತು ಮೇಲಿನ ನಾಲ್ಕು ಬೆರಳಷ್ಟು ಮಣ್ಣನ್ನು ಕಪ್ಪಾಗಿಸುತ್ತವೆ. ಕಗ್ಗಲಿ, ದಿಂಡಿಗ, ಬಂದರೆ, ತಂಗಡಿಗಳು ಬದುಕುವುದು ಈ ನಾಲ್ಕು ಬೆರಳ ಆಸ್ತಿಯಲ್ಲಿ. ಮರ ಎಲೆಯನ್ನು ಕೊಟ್ಟು ಅದೇ ಎಲೆಯ ಸಾರವನ್ನು ಮರಳಿ ಪಡೆಯುತ್ತದೆ. ಶ್ರೀಗಂಧವಂತೂ ಇಂಥ ಬಡ ನೆಲವನ್ನು ಮೆಚ್ಚುವ ಮರ. ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ತಗುಲಿಸಿ ಅಲ್ಲಿಂದಲೂ ಹೀರಿಕೊಳ್ಳುತ್ತದೆ. ಗರಸು ನೆಲದಲ್ಲಿ ನಿಧಾನವಾಗಿ ಬೆಳೆದ ಗಂಧದ ಚೇಗಿಗೆ ಪರಿಮಳ ಹೆಚ್ಚೆಂದು ಅರಣ್ಯದವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆದಾಗ ಅದರ ಬಂಡವಾಳದ ಒಂದು ಪಾಲು ಇಂಥ ಬಡ ಮಣ್ಣಿನದೂ ಆಗಿತ್ತು. ಕಾಡುಗಿಚ್ಚು ಬಿದ್ದರೆ ಮೊದಲು ಉರಿಯುವುದು ಈ ನಾಲ್ಕು ಬೆರಳೇ. 2025ರ ಫೆಬ್ರವರಿಯಲ್ಲಿ ಬೆಟ್ಟದಲ್ಲಿ ಎದ್ದ ಬೆಂಕಿಯನ್ನು ಊರಿನವರು ದೂರದಿಂದ ಕಂಡರು. ಹೊಗೆ ಅಡಗಿದ ಮೇಲೆ ಮಳೆಗಾಲಕ್ಕೆ ಬೂದಿ ಹೇಗೆ ಇಳಿದುಹೋಯಿತೆಂಬುದನ್ನು ಕಂಡವರು ಕಡಮೆ.

ಹೀಗೆ ಕಳೆದದ್ದು ಮತ್ತೆ ಕೂಡಲು ಎಷ್ಟು ಕಾಲ ಬೇಕು? ಎಲೆಮಣ್ಣು ಕೆಲವು ದಶಕಗಳಲ್ಲಿ ಮರಳಿ ಬಂದೀತು. ಮರಳಿನ ಮಾತು ಬೇರೆ. ಮಳೆ ಕಡಮೆಯಿರುವ ಸೀಮೆಗಳಲ್ಲಿ ಗ್ರಾನೈಟು ಸವೆಯುವ ವೇಗ ಸ್ಥೂಲವಾಗಿ ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರಿನ ಆಸುಪಾಸು, ಎಂದರೆ ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರು. ಚಪ್ಪಟೆ ನೆಲದಲ್ಲಿ ಇದು ದಪ್ಪನಾಗಿ ಕೂಡಿಡಲ್ಪಡುತ್ತದೆ. ಬಂಡೀಪುರದ ಮೂಲೆಹೊಳೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ ಕೂಡಿ ಒಂದು ಸಣ್ಣ ಕಾಡುಕಣಿವೆಯನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಅಲ್ಲಿನ ನೈಸ್ ಶಿಲೆಯ ಮೇಲೆ ಮಣ್ಣೂ ಶಿಥಿಲ ಕಲ್ಲೂ ಸೇರಿ ಸರಾಸರಿ 17 ಮೀಟರು ದಪ್ಪವಿದೆ. ಬೇಸಗೆಯಲ್ಲಿ ಮರಗಳು ಆ ಆಳದ ಶಿಥಿಲ ಕಲ್ಲಿನಲ್ಲಿ ಅಡಗಿದ ತೇವವನ್ನೂ ಎಳೆದುಕೊಳ್ಳುತ್ತವೆ. ಕಡಿದಾದ ಬೆಟ್ಟಕ್ಕೆ ಈ ಉಳಿತಾಯದ ಭಾಗ್ಯವಿಲ್ಲ. ಅಲ್ಲಿ ಒಂದು ಮೊಳ ಅಗೆಯುವುದರೊಳಗೆ ಹಾರೆ ಬಂಡೆಗೆ ತಾಗಿ ಖಣಿಲೆನ್ನುವ ಜಾಗಗಳೇ ಹೆಚ್ಚು.

2021ರ ಅಕ್ಟೋಬರ್ ತಿಂಗಳ ದೊಡ್ಡ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿಯಿತು. ನವೆಂಬರಿನಲ್ಲಿ ಮತ್ತೆ ಕುಸಿಯಿತು. ದೇವಿಯ ಮುನಿಸೆಂದವರೂ ಉಂಟು, ಗುತ್ತಿಗೆಯ ದೋಷವೆಂದವರೂ ಉಂಟು. ನಾನು ಎಂಜಿನಿಯರನಲ್ಲ. ಆದರೆ ಮರಳುಮಣ್ಣಿನ ಸ್ವಭಾವವನ್ನು ಬಲ್ಲವರಿಗೆ ಅದರಲ್ಲಿ ಅಚ್ಚರಿಯಿರಲಾರದು. ಮರಳು ಮಳೆಯನ್ನು ಬೇಗ ಕುಡಿಯುತ್ತದೆ. ಕುಡಿದ ನೀರು ಕೆಳಗಿಳಿದು, ನೀರನ್ನು ಒಳಬಿಡದ ಬಂಡೆಯನ್ನು ಮುಟ್ಟಿ, ಅದರ ಬೆನ್ನಿನ ಮೇಲೆಯೇ ಇಳಿಜಾರಿಗೆ ಸರಿಯುತ್ತದೆ. ಕಣಗಳ ನಡುವೆ ನೀರು ತುಂಬಿದಾಗ ಅವು ಒಂದನ್ನೊಂದು ಒತ್ತಿ ಹಿಡಿಯುವ ಬಲ ಕುಗ್ಗುತ್ತದೆ. ಬೆಸೆಯಲು ಜೇಡಿಯಿಲ್ಲ, ಹಿಡಿಯಲು ಬೇರು ಮಾತ್ರ ಇದೆ. ರಸ್ತೆಗಾಗಿ ಇಳಿಜಾರಿನ ಬುಡವನ್ನು ಕಡಿದಲ್ಲಿ ಬೇರೂ ಇಲ್ಲ, ಆಸರೆಯೂ ಇಲ್ಲ. ನೆತ್ತಿಯ ಮೇಲೆ ಕಟ್ಟಡಗಳೂ ವಾಹನ ನಿಲ್ಲಿಸುವ ಗಚ್ಚಿನ ನೆಲವೂ ಹೆಚ್ಚಿದಂತೆ, ಹಿಂದೆ ಹತ್ತು ಕಡೆ ಇಂಗುತ್ತಿದ್ದ ನೀರು ಒಂದೇ ಕಡೆ ಧುಮುಕತೊಡಗುತ್ತದೆ. ಸುಮಾರು 1,500 ಎಕರೆ ಮೀಸಲು ಅರಣ್ಯ ಬೆಟ್ಟವನ್ನು ಸುತ್ತಿರುವುದರಿಂದಲೇ ಕುಸಿತ ಅಲ್ಲಿಗೆ ನಿಂತಿತೆಂದು ನಾನು ತಿಳಿಯುತ್ತೇನೆ.

ಕೋಲಾರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ನಡೆದ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಬೇಕು. ಹೊಳೆಯ ಮರಳು ಸಾಲದಾದಾಗ ಜನ ಹೊಲ, ಗೋಮಾಳ, ಕೆರೆಯಂಗಳಗಳ ಮಣ್ಣನ್ನೇ ಅಗೆದು, ಗುಂಡಿಗಳಲ್ಲಿ ನೀರು ಹಾಯಿಸಿ ತೊಳೆದು, ಜೇಡಿಯನ್ನು ಹರಿಯಬಿಟ್ಟು, ಉಳಿದ ಬೆಣಚನ್ನು 'ಫಿಲ್ಟರ್ ಮರಳು' ಎಂದು ಮಾರಿದರು. ಕಾನೂನು ಇದನ್ನು ಒಪ್ಪುವುದಿಲ್ಲ. ಅಂಥ ಮರಳಿನಿಂದ ಕಟ್ಟಿದ ಗೋಡೆಯೂ ಬಹಳ ಕಾಲ ಒಪ್ಪುವುದಿಲ್ಲ, ಏಕೆಂದರೆ ಎಷ್ಟು ತೊಳೆದರೂ ಕಣಕ್ಕೆ ಜೇಡಿ ಅಂಟಿಯೇ ಇರುತ್ತದೆ. ಬೆಟ್ಟವೊಂದು ಲಕ್ಷಾಂತರ ವರ್ಷಗಳಲ್ಲಿ ಮಾಡುವ ವಿಭಾಗವನ್ನು ಪಂಪುಸೆಟ್ಟು ಒಂದು ರಾತ್ರಿಯಲ್ಲಿ ಮಾಡಿ ಮುಗಿಸುತ್ತದೆ.

ಬೆಟ್ಟದ ದಾರಿಯಲ್ಲಿ ಕಲ್ಲಿನ ತಡೆಗೋಡೆಗಳಿರುವಲ್ಲಿ, ಹಿಂದಿನ ನೀರು ಹೊರಬರಲೆಂದು ಗೋಡೆಯಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಒಳ್ಳೆಯ ಮಳೆ ಬಂದು ಹೋದ ಮರುದಿನ ಬೆಳಗ್ಗೆ ಆ ತೂತುಗಳನ್ನು ಗಮನಿಸಿ. ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಗೋಡೆಯ ಹಿಂದೆ ಮಣ್ಣು ನೆಟ್ಟಗೆ ಕುಳಿತಿದೆಯೆಂದು ತಿಳಿಯಬಹುದು. ತೂತಿನ ಕೆಳಗೆ ಇರುವೆಗೂಡಿನಂತೆ ಮರಳಿನ ಸಣ್ಣ ಗುಡ್ಡೆ ಬಿದ್ದಿದ್ದರೆ ಒಳಗೆ ಟೊಳ್ಳು ಬೆಳೆಯುತ್ತಿದೆ.