ಅಯ್ಯಂಗಾರ್ ಬೇಕರಿ: ಬೋರ್ಡಿನ ಹಿಂದಿನ ಹಾಸನ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಅಯ್ಯಂಗಾರ್ ಬೇಕರಿ ಸಿಗುತ್ತದೆ. ಖಾರ ಬನ್ ಕಟ್ಟಿಕೊಡುವವರನ್ನು ‘ಯಾವೂರು ಸ್ವಾಮಿ ನಿಮ್ದು?’ ಎಂದು ಕೇಳಿದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಶಾಂತಿಗ್ರಾಮ ಅಂತ ಹಾಸನದ ಸುತ್ತಲಿನ ಊರೇ ಹೆಚ್ಚಾಗಿ ಕೇಳಿಬರುತ್ತದೆ. ಆದರೆ ಅಂಗಡಿಯವರು ಅಯ್ಯಂಗಾರರೇ ಆಗಿರಬೇಕೆಂದೇನಿಲ್ಲ. ಹಾಗಾದರೆ ಈ ಹೆಸರು ಬಂದದ್ದೆಲ್ಲಿಂದ?

ಈ ಸೀಮೆಗೂ ಅಯ್ಯಂಗಾರರಿಗೂ ನಂಟು ಹಳೆಯದು. 12ನೇ ಶತಮಾನದಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲಕ್ಕೆ ರಾಮಾನುಜಾಚಾರ್ಯರು ಮೇಲುಕೋಟೆಗೆ ಬಂದ ಮೇಲೆ ಶ್ರೀವೈಷ್ಣವರು, ಅಂದರೆ ಅಯ್ಯಂಗಾರರು, ಇಲ್ಲಿನ ಊರುಗಳಲ್ಲಿ ನೆಲೆಯೂರಿದರು. ರಾಣಿ ಶಾಂತಲೆಯ ಹೆಸರು ಹೊತ್ತ, ‘ಗ್ರಾಮ’ ಎಂದೂ ಕರೆಸಿಕೊಳ್ಳುವ ಶಾಂತಿಗ್ರಾಮ ಹೆಬ್ಬಾರ್ ಅಯ್ಯಂಗಾರರ ಮೂಲ ಊರುಗಳಲ್ಲೊಂದು.

ಬ್ರೆಡ್ಡಿನ ದಾರಿ ಬೇರೆ. 1809ರಲ್ಲಿ ಬ್ರಿಟಿಷರ ದಂಡು ಪ್ರದೇಶ ಎದ್ದ ಮೇಲೆ ಬೆಂಗಳೂರಿನಲ್ಲಿ ಅದರ ಬಳಕೆ ಬೆಳೆಯಿತು. ಹಿಟ್ಟು ಹುದುಗಲು ಹೆಂಡ ಹಾಕುತ್ತಾರೆ, ಕೇಕಿಗೆ ಮೊಟ್ಟೆ ಒಡೆಯುತ್ತಾರೆ ಎಂಬ ಅಂಜಿಕೆಯಿಂದ ಮಡಿವಂತರ ಮನೆಗಳು ದೂರವೇ ಉಳಿದವು. ಹಾಸನ ಮೂಲದ ಅಯ್ಯಂಗಾರರಾದ ಎಚ್.ಎಸ್. ತಿರುಮಲಾಚಾರ್ ಮತ್ತು ಸೋದರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ, ಜನರ ಬಾಯಲ್ಲಿ ಬಿ.ಬಿ. ಬೇಕರಿ, ತೆರೆದರು. ಅವರ ಸಿಹಿತಿಂಡಿ ಅಂಗಡಿಗೆ ಬರುತ್ತಿದ್ದ ಆಂಗ್ಲರೊಬ್ಬರು ಬೇಕಿಂಗ್ ಕಲಿಸಿಕೊಟ್ಟರು ಎಂಬ ಮಾತು ಈ ಕಸುಬಿನವರಲ್ಲಿ ಇಂದಿಗೂ ಇದೆ.

ಅಯ್ಯಂಗಾರರ ಭಟ್ಟಿ ಎಂದರೆ ಅಲ್ಲಿ ಮೊಟ್ಟೆ ಸೇರದು. ಸಸ್ಯಾಹಾರಿ ಗಿರಾಕಿಗೆ ಬೇಕಿದ್ದ ಭರವಸೆಯೂ ಅಷ್ಟೇ. ಹೀಗೆ ಜಾತಿಯ ಹೆಸರು ಅಡುಗೆಯ ಶುದ್ಧಿಗೆ ಮುದ್ರೆಯಾಯಿತು. ಆಮೇಲೆ ಬಂದ ತಿನಿಸುಗಳೂ ನಮ್ಮ ನಾಲಿಗೆಗೆ ಒಗ್ಗಿದವೇ: ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಬೆರೆಸಿದ ಖಾರ ಬನ್, ತೆಂಗಿನತುರಿ ತುಂಬಿದ ದಿಲ್‌ಪಸಂದ್, ಜಾಮ್ ಸವರಿ ಕೊಬ್ಬರಿಪುಡಿ ಉದುರಿಸಿದ ಹನಿಕೇಕ್, ಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜ.

ಹಾಸನದ ಕಡೆಯ ಹುಡುಗರು ನೆಂಟರ ಬೇಕರಿಗೆ ಕೆಲಸಕ್ಕೆ ಸೇರಿ, ಮೈದಾ ಕಲಸುವುದರಿಂದ ಹಿಡಿದು ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವರೆಗೆ ಎಲ್ಲ ಕಲಿತು, ಮುಂದೆ ತಮ್ಮದೇ ಅಂಗಡಿ ಹಾಕಿದರು. ಬೇರೆ ಸಮುದಾಯದವರೂ ಅದೇ ಕೈಚಳಕ ಕಲಿತರು. ಹೆಸರನ್ನೂ ಬಿಡಲಿಲ್ಲ, ಗಿರಾಕಿ ಹುಡುಕುತ್ತಿದ್ದುದು ಅದನ್ನೇ. ಪುಣೆ, ಮುಂಬಯಿಯಲ್ಲೂ ಈಗ ಅದೇ ಬೋರ್ಡು. ಇಷ್ಟು ದೊಡ್ಡ ಹೆಸರಿಗೆ ಪ್ರಧಾನ ಕಚೇರಿಯಿಲ್ಲ, ಒಬ್ಬ ಮಾಲೀಕನೂ ಇಲ್ಲ. ಒಂದು ಅಂಗಡಿಗೂ ಇನ್ನೊಂದಕ್ಕೂ ಇರುವ ಸಂಬಂಧ ಎಷ್ಟೋ ಸಲ ಊರಿನದು ಮಾತ್ರ.