ಒರಳು ಮತ್ತು ಗುಂಡು

ದೇಹದ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸುವ ಸುಶ್ರುತಸಂಹಿತೆಯು, ತೊಡೆಯು ಸೊಂಟಕ್ಕೆ ಕೂಡುವ ಸಂಧಿಯನ್ನು 'ಉಲೂಖಲ' ಎಂಬ ವರ್ಗಕ್ಕೆ ಸೇರಿಸುತ್ತದೆ. ಉಲೂಖಲವೆಂದರೆ ಒರಳು. ಲ್ಯಾಟಿನ್ ಭಾಷೆಯಲ್ಲಿ ಅದೇ ಗುಳಿಗೆ 'ಅಸೆಟ್ಯಾಬುಲಮ್' ಎಂದು ಹೆಸರು. ಹುಳಿರಸದ ಬಟ್ಟಲು ಎಂದು ಅದರ ಅರ್ಥ. ಎರಡು ನಾಡಿನ ಪಂಡಿತರೂ ಹೆಸರಿಗಾಗಿ ಅಡುಗೆಮನೆಯ ಕಡೆಗೇ ನೋಡಿದರೆಂಬುದು ಭಾಷೆಯನ್ನು ಓದಿಕೊಂಡ ನನ್ನಂಥವನಿಗೆ ಸಂತೋಷದ ಸಂಗತಿ.

ಒರಳಿದ್ದ ಮೇಲೆ ಗುಂಡೂ ಇರಬೇಕಷ್ಟೆ. ತೊಡೆಮೂಳೆಯ ಮೇಲ್ತುದಿಯ ತಲೆಯೇ ಆ ಗುಂಡು. ಅದರ ವ್ಯಾಸ ಸುಮಾರು 4ರಿಂದ 5 ಸೆಂಟಿಮೀಟರು. ಗಂಡಸರಲ್ಲಿ ಸಾಮಾನ್ಯವಾಗಿ ತುಸು ಹೆಚ್ಚು. ಗೋಳದ ಮೂರರಲ್ಲಿ ಎರಡು ಪಾಲು ಎಂದು ಪಠ್ಯಪುಸ್ತಕಗಳು ಅದನ್ನು ವರ್ಣಿಸುತ್ತವೆ. ಆದರೆ ಗಣಿತದ ಶುದ್ಧ ಗೋಳ ಯಾರ ದೇಹದಲ್ಲಿಯೂ ಇಲ್ಲ. ಕೆಲವರಲ್ಲಿ ತಲೆಯ ಕೆಳಗೆ ಕತ್ತು ಚೆನ್ನಾಗಿ ಸಣ್ಣದಾಗಿರುತ್ತದೆ. ಕೆಲವರಲ್ಲಿ ತಲೆ ಕತ್ತುಗಳ ನಡುವಣ ತಗ್ಗು ತುಂಬಿಕೊಂಡು ಉಬ್ಬಿರುತ್ತದೆ. 1975ರಲ್ಲಿ ಅಮೆರಿಕದ ವೈದ್ಯರು ಈ ಆಕಾರವನ್ನು ಪಿಸ್ತೂಲಿನ ಹಿಡಿಗೆ ಹೋಲಿಸಿದರು. ಕಾಲನ್ನು ಮಡಿಸಿದಾಗ ಆ ಉಬ್ಬು ಒರಳಿನ ಅಂಚನ್ನು ಒತ್ತಿ ಅಲ್ಲಿಯ ಮೃದ್ವಸ್ಥಿಯನ್ನು ಸವೆಸಬಲ್ಲದೆಂದು ಸ್ವಿಟ್ಜರ್ಲೆಂಡಿನ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದರು.

ಈ ಭೇದ ಎಲ್ಲಿಂದ ಬಂತು? ಒಂದಂಶ ಹುಟ್ಟಿನಿಂದ, ಒಂದಂಶ ಬಾಳಿದ ರೀತಿಯಿಂದ. ಬೆಳೆಯುವ ವಯಸ್ಸಿನಲ್ಲಿ ಫುಟ್‌ಬಾಲಿನಂಥ ಆಟವನ್ನು ಬಿರುಸಾಗಿ ಆಡಿದ ಹುಡುಗರಲ್ಲಿ ಈ ಉಬ್ಬು ಹೆಚ್ಚಾಗಿ ಕಾಣುತ್ತದೆ. ಮೂಳೆಯು ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ರೂಪುಗೊಳ್ಳುವ ಜೀವಂತ ವಸ್ತು. ಲಾಹೋರಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿದ್ದ ಹ್ಯಾವ್‌ಲಾಕ್ ಚಾರ್ಲ್ಸ್, ಕುಕ್ಕರುಗಾಲಿನಲ್ಲಿ ಕೂರುವ ಅಭ್ಯಾಸವು ಪಂಜಾಬಿಗಳ ಕಾಲಿನ ಮೂಳೆಗಳಲ್ಲಿ ಗುರುತು ಬಿಟ್ಟಿರುವುದನ್ನು 1893ರಷ್ಟು ಹಿಂದೆಯೇ ತೋರಿಸಿದ್ದರು.

ಹಾಗಾದರೆ ಉಬ್ಬು ಇದ್ದವರೆಲ್ಲ ರೋಗಿಗಳೇ? ಅಲ್ಲ. ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿಯೂ ಅದು ಕಾಣುತ್ತದೆ. 2016ರಲ್ಲಿ ಇಂಗ್ಲೆಂಡಿನ ವಾರಿಕ್‌ನಲ್ಲಿ ಸೇರಿದ ತಜ್ಞರು, ರೋಗಿಯ ನೋವು, ವೈದ್ಯರು ಮುಟ್ಟಿ ನೋಡಿ ಕಂಡ ಲಕ್ಷಣ, ಚಿತ್ರದ ಸಾಕ್ಷ್ಯ ಈ ಮೂರೂ ಕೂಡಿದಾಗ ಮಾತ್ರ ಅದನ್ನು ವ್ಯಾಧಿಯೆನ್ನಬೇಕೆಂದು ನಿರ್ಣಯಿಸಿದರು. ಅಷ್ಟೇ ಅಲ್ಲ, 'ವಿಕೃತಿ' ಎಂಬರ್ಥದ ಮಾತನ್ನು ಬಿಟ್ಟು ಬರಿಯ 'ಆಕಾರ' ಎಂದು ಕರೆಯುವುದೇ ಮೇಲೆಂದು ಸೂಚಿಸಿದರು.

ಇದು ಕೇವಲ ಪದದ ಚರ್ಚೆಯಲ್ಲ. ಪರೀಕ್ಷೆಯ ವರದಿಯಲ್ಲಿ 'ವಿಕೃತಿ' ಎಂದು ಓದಿದವನು ನೆಟ್ಟಗಿರುವ ಕಾಲನ್ನೂ ಅನುಮಾನದಿಂದ ಊರುತ್ತಾನೆ. 'ಆಕಾರ' ಎಂದು ಓದಿದವನು ತನ್ನ ಪಾಡಿಗೆ ನಡೆಯುತ್ತಾನೆ. ನೋವಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ನೋವಿಲ್ಲದ ಮೂಳೆಗೆ ರೋಗದ ಹೆಸರು ಬೇಡ.