ಪಕ್ಕದ ಮೇಜಿನ ಪಾಠ

ಅಹಮದಾಬಾದಿನ ನವರಂಗಪುರದಲ್ಲಿ ಸೆಪ್ಟ್ ವಿಶ್ವವಿದ್ಯಾಲಯದ ಹಳೆಯ ಕಟ್ಟಡದೊಳಗೆ ಹೆಜ್ಜೆಯಿಟ್ಟಿದ್ದು ಯಾವ ಗಳಿಗೆಯಲ್ಲಿ ಎಂದು ಹೇಳುವುದು ಕಷ್ಟ. ಇಟ್ಟಿಗೆ ಗೋಡೆಗಳ ಸಾಲು, ನಡುವೆ ಗಾಳಿಗೆ ತೆರೆದ ಹಾದಿ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಸ್ಟುಡಿಯೊ ಬಂದೇಬಿಡುತ್ತದೆ. ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಬಾಲಕೃಷ್ಣ ದೋಶಿ ಈ ವಾಸ್ತುಶಿಲ್ಪ ಶಾಲೆಯನ್ನು 1962ರಲ್ಲಿ ಶುರುಮಾಡಿದರು. ಅದಕ್ಕೆ ಕಟ್ಟಡವನ್ನೂ ಅವರೇ ವಿನ್ಯಾಸ ಮಾಡಿದರು. ಬೆಂಗಳೂರಿನ ಐಐಎಂನ ಕಲ್ಲಿನ ಕಾರಿಡಾರುಗಳಲ್ಲಿ ಓಡಾಡಿದವರಿಗೆ ಈ ಕೈ ಪರಿಚಿತ.

ಸ್ಟುಡಿಯೊಗೆ ಎರಡಂತಸ್ತಿನ ಎತ್ತರ. ಉತ್ತರದ ಬೆಳಕು ಮೇಲಿಂದ ಇಳಿದು ಮೇಜುಗಳ ಮೇಲೆ ನೆರಳಿಲ್ಲದೆ ಹರಡಿದೆ. ವಿದ್ಯಾರ್ಥಿನಿಯೊಬ್ಬಳು ಮೌಂಟ್ ಬೋರ್ಡಿನಲ್ಲಿ 1:50 ಅಳತೆಯ ಮಾಡೆಲ್ ಕತ್ತರಿಸಿ ಅಂಟಿಸಿದ್ದಾಳೆ. ಮೇಷ್ಟ್ರು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಅದರ ಪುಟ್ಟ ಬಾಗಿಲಿನೊಳಗೆ ಇಣುಕುತ್ತಾರೆ. ಮೆಟ್ಟಿಲು ಕಡಿದಾಯಿತು, ಮುದುಕರು ಹತ್ತುವುದು ಹೇಗೆ ಎನ್ನುತ್ತಾರೆ. ಅಷ್ಟರಲ್ಲಿ ಯಾರೂ ಕರೆಯದಿದ್ದರೂ ಅಕ್ಕಪಕ್ಕದ ಮೇಜಿನವರು ಬಂದು ಬಗ್ಗಿ ನೋಡುತ್ತಿದ್ದಾರೆ.

2020ರ ಲಾಕ್‌ಡೌನಿನಲ್ಲಿ ದೇಶದ ಆರ್ಕಿಟೆಕ್ಚರ್ ಕಾಲೇಜುಗಳೆಲ್ಲ ಪರದೆಗೆ ಹೋದಾಗ ಕಳೆದುಹೋದದ್ದು ಈ ಬಗ್ಗಿ ನೋಡುವುದು. ಪರದೆಯಲ್ಲಿ ಬಾಗಿಲ ಹಿಡಿಯೂ ಇಡೀ ಬಡಾವಣೆಯೂ ಒಂದೇ ಗಾತ್ರ. ಜೂಮ್ ಮಾಡಿದಷ್ಟೂ ಅಳತೆಯ ಅಂದಾಜು ಕೈತಪ್ಪುತ್ತದೆ. ಒಬ್ಬರ ಕೆಲಸ ತಿದ್ದುವಾಗ ಉಳಿದವರು ಮ್ಯೂಟ್. ಇತಿಹಾಸದ ಪಾಠವನ್ನು ಆನ್‌ಲೈನಿನಲ್ಲಿ ಕೇಳಬಹುದು, ಬೇಕೆಂದಾಗ ಮತ್ತೆ ಕೇಳಬಹುದು. ದೂರದೂರಿನ ವಾಸ್ತುಶಿಲ್ಪಿ ಜ್ಯೂರಿಗೆ ಸಿಗುವುದೂ ಲಾಭವೇ. ಅದನ್ನೆಲ್ಲ ಉಳಿಸಿಕೊಳ್ಳೋಣ. ಆದರೆ ಡಿಸೈನ್ ಸ್ಟುಡಿಯೊವನ್ನು ಪರದೆಗೆ ಒಪ್ಪಿಸುವುದಕ್ಕೆ ನನ್ನ ಮನಸ್ಸು ಖಂಡಿತ ಒಪ್ಪದು. ಇಲ್ಲಿ ಕಲಿಯುವವರು ಅರ್ಧ ಪಾಠವನ್ನು ತಮಗೆ ಹೇಳದ ಮಾತಿನಿಂದ ಕಲಿಯುತ್ತಾರೆ. ಇನ್ನರ್ಧ ಕಟ್ಟಡದಿಂದಲೇ.

ಆ ಹುಡುಗಿ ಈಗ ಟೇಪು ಹಿಡಿದು ಹೊರಗೆ ಹೋಗಿದ್ದಾಳೆ. ದೋಶಿಯವರ ಮೆಟ್ಟಿಲೊಂದರ ಎತ್ತರ ಅಳೆದಳು, ಅಗಲ ಅಳೆದಳು, ಎರಡು ಸಲ ಹತ್ತಿ ಇಳಿದಳು. ಅಂಗೈ ಮೇಲೆ ಪೆನ್ಸಿಲಿನಿಂದ ಅಂಕಿ ಗೀಚಿಕೊಂಡು ಬಂದವಳೇ ಕಟ್ಟರ್ ಎತ್ತಿಕೊಂಡು ತನ್ನ ಮೆಟ್ಟಿಲನ್ನು ಬುಡಸಹಿತ ಕಿತ್ತಳು. ಪಕ್ಕದ ಮೇಜಿನ ಹುಡುಗ ಟೇಪು ಇಸಿದುಕೊಂಡು ಹೊರಟ.